ಹತ್ತು ಪದಗಳ ಅರ್ಥ ಒಂದು ಸಾಲು ಕೆಳಗಿಳಿದ ಬಗ್ಗೆ

ಬಾಲ ಪದಾರ್ಥ ಶಾಖೆ, ರಾಯಚೂರು

ಸಂಖ್ಯೆ: ಬಾಪಶಾ:ಬ:ಅರ್ಥ:11:81-82
ದಿನಾಂಕ: 7ನೇ ಏಪ್ರಿಲ್ 1982

ಸುತ್ತೋಲೆ

ವಿಷಯ: 'ಬ' ಅಕ್ಷರದ ಹತ್ತು ಪದಗಳಿಗೆ ತಪ್ಪು ಅರ್ಥ ಮುದ್ರಿತವಾಗಿರುವ ಬಗ್ಗೆ, ಸದರಿ ತಪ್ಪನ್ನು ಕಲಿಯದೆ ಸರಿಯಾದ ಅರ್ಥ ಹೇಳಿದ್ದರಿಂದ ಅನುತ್ತೀರ್ಣಳಾದ ಕುಮಾರಿ ಬೂದೆಮ್ಮ, ಎರಡನೇ ತರಗತಿ, ಇವಳನ್ನು ಮೂರನೇ ತರಗತಿಗೆ ಕಳುಹಿಸಬೇಕೋ ಕುರಿ ಹಿಂಡಿನ ಹಿಂದೆ ಕಳುಹಿಸಬೇಕೋ ಎಂಬ ಬಗ್ಗೆ.

ಉಲ್ಲೇಖ:
(1) ಈ ಶಾಖೆಯ ಪದಾರ್ಥ ಹಾಳೆ, ಜುಲೈ 1981.
(2) ಹುಣಸಿಗಿಡದ ದೊಡ್ಡಿ ಶಾಲೆಯ ಶಿಕ್ಷಕ ಶ್ರೀ ಜಿಲಾನಿ ಪಾಷಾ ಇವರ ಮೂರು ಪತ್ರಗಳು ಮತ್ತು ಅವುಗಳಿಗೆ ಈ ಶಾಖೆಯ ಎರಡು ಉತ್ತರಗಳು.
(3) ಸದರಿ ಬಾಲಕಿಯ ಅಜ್ಜಿ ಶ್ರೀಮತಿ ಯಮನಮ್ಮ ಇವರ ಬಾಯಿಮಾತಿನ ಅರ್ಜಿ, ದಿನಾಂಕ 29-3-1982ರ ಬೆಳಿಗ್ಗೆಯಿಂದ 1-4-1982ರ ಸಂಜೆಯವರೆಗೆ, ಊಟದ ವೇಳೆ ಹೊರತುಪಡಿಸಿ.

ಪ್ರಸ್ತಾವನೆ:

ರಾಯಚೂರು, ಮಾನ್ವಿ ಹಾಗೂ ದೇವದುರ್ಗ ತಾಲ್ಲೂಕುಗಳ ಎರಡನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ ಒಂದು ಅಕ್ಷರದಂತೆ, ಆ ಅಕ್ಷರದಿಂದ ಮೊದಲಾಗುವ ಹತ್ತು ಸುಲಭ ಪದಗಳನ್ನೂ ಅವುಗಳ ಸರಳ ಅರ್ಥಗಳನ್ನೂ ಕಲಿಸುವುದು ಈ ಶಾಖೆಯ ಏಕೈಕ ಕೆಲಸವಾಗಿರುತ್ತದೆ. 1981-82ನೇ ಸಾಲಿಗೆ ಚೀಟಿ ಎತ್ತಲಾಗಿ 'ಬ' ಬಂದಿತು. ಹತ್ತು ಪದಗಳನ್ನು ಆರಿಸಿ, ಅರ್ಥ ಬರೆಸಿ, ಹಾಳೆಯನ್ನು 214 ಶಾಲೆಗಳಿಗೆ ಕಳುಹಿಸಲಾಯಿತು. ಅಲ್ಲಿಯವರೆಗೆ ಎಲ್ಲವೂ ನಿಯಮಾನುಸಾರ ನಡೆದಿದೆ. ಅನಂತರವೂ ನಿಯಮಾನುಸಾರವೇ ನಡೆದಿದ್ದು, ಆದಾಗ್ಯೂ ಕೆಳಕಂಡ ಪರಿಸ್ಥಿತಿ ಉಂಟಾಗಿರುತ್ತದೆ.

1. ಹಾಳೆ ತಯಾರಾದ ಬಗೆ. ಪದಗಳ ಸ್ಟೆನ್ಸಿಲನ್ನು ಒಬ್ಬ ಬೆರಳಚ್ಚುಗಾರರೂ ಅರ್ಥಗಳ ಸ್ಟೆನ್ಸಿಲನ್ನು ಇನ್ನೊಬ್ಬರೂ ಕೊರೆದಿದ್ದರಿಂದ, ಪ್ರತಿ ಹಾಳೆಯನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಎರಡು ಬಾರಿ ಹಾಯಿಸಬೇಕಾಯಿತು. ಎರಡನೇ ಬಾರಿ ಹಾಯಿಸುವಾಗ ಅರ್ಥಗಳೆಲ್ಲವೂ ಒಂದು ಸಾಲು ಕೆಳಗೆ ಬಿದ್ದವು. ಯಂತ್ರ ತಿರುಗಿಸಿದ ಶ್ರೀ ಸೈಫುದ್ದೀನ್ ಇವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಹಾಳಿ ನೆಟ್ಟಗ ಇಟ್ಟಿದ್ನಿರೀ ಸಾಹೇಬ್ರ. ಅರ್ಥನ ಜಾರ್ಯಾವ. ನಿಂತು ಓದಿದ್ರ ಮಸಿ ಆರಿ ಹೋಗ್ತದ, ಮಸಿ ನೋಡ್ಲೋ ಅರ್ಥ ನೋಡ್ಲೋ?" ಓದುವುದು ಸದರಿಯವರ ಕರ್ತವ್ಯಗಳ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಹೇಳಿಕೆಯನ್ನು ಅಂಗೀಕರಿಸಲಾಗಿದೆ. ಓದುವುದು ಯಾರ ಕರ್ತವ್ಯಗಳ ಪಟ್ಟಿಯಲ್ಲಿದೆ ಎಂದು ಪರಿಶೀಲಿಸಲಾಗಿ, ಯಾರದರಲ್ಲಿಯೂ ಕಂಡುಬಂದಿಲ್ಲ.

2. ಹೀಗಾಗಿ 214 ಶಾಲೆಗಳಿಗೆ ತಲುಪಿದ ಹಾಳೆಯಲ್ಲಿ ಇದ್ದುದು ಈ ಕೆಳಗಿನಂತೆ:

ಬಸ್ಸು: (ಏನೂ ಇಲ್ಲ)
ಬಳಪ: ಜನರನ್ನು ಊರಿಂದ ಊರಿಗೆ ಒಯ್ಯುವ ವಾಹನ
ಬಳೆ: ಪಾಟಿಯ ಮೇಲೆ ಬರೆಯುವ ಕಡ್ಡಿ
ಬಾಗಿಲು: ಹೆಂಗಸರು ಕೈಗೆ ತೊಡುವ ಆಭರಣ
ಬಾವಿ: ಮನೆಯ ಒಳಗೂ ಹೊರಗೂ ಹೋಗಿಬರುವ ದಾರಿ
ಬುಟ್ಟಿ: ನೀರಿಗಾಗಿ ತೋಡಿದ ಆಳವಾದ ಗುಂಡಿ
ಬೆಕ್ಕು: ರೊಟ್ಟಿ ಇಡಲು ಬಿದಿರಿನಿಂದ ಹೆಣೆದ ಸಾಧನ
ಬೆಲ್ಲ: ಇಲಿ ಹಿಡಿಯುವ ಸಾಕುಪ್ರಾಣಿ
ಬೇವು: ಕಬ್ಬಿನ ಹಾಲು ಕಾಯಿಸಿ ಮಾಡಿದ ಸಿಹಿ
ಬೋಗುಣಿ: ಎಲೆ ಕಹಿಯಾದ, ನೆರಳು ಕೊಡುವ ಮರ

3. ಶ್ರೀ ಜಿಲಾನಿ ಪಾಷಾ ಇವರು ತಮ್ಮ ಮೊದಲನೇ ಪತ್ರದಲ್ಲಿ, "ಬಾಗಿಲು ಎಂದರೆ ಹೆಂಗಸರು ಕೈಗೆ ತೊಡುವ ಆಭರಣ ಎಂದಿದೆ. ನಮ್ಮ ಶಾಲೆಗೆ ಇರುವುದು ಒಂದೇ ಬಾಗಿಲು. ಅದನ್ನು ಯಾರಿಗೆ ತೊಡಿಸಬೇಕು ಎಂದು ತಿಳಿಸಿ" ಎಂದು ಕೋರಿದ್ದರು. ಅದಕ್ಕೆ ಶಾಖೆಯಿಂದ "ಹಾಳೆ ನೋಡಿಕೊಳ್ಳುವುದು" ಎಂದು ಉತ್ತರಿಸಲಾಯಿತು. ಎರಡನೇ ಪತ್ರದಲ್ಲಿ "ನೋಡಿಕೊಂಡೇ ಬರೆದಿದ್ದೇನೆ" ಎಂದಿದ್ದರು. "ಮತ್ತೊಮ್ಮೆ ನೋಡಿಕೊಳ್ಳುವುದು" ಎಂದು ಉತ್ತರಿಸಲಾಯಿತು. ನವೆಂಬರ್ ತಿಂಗಳ ಮೂರನೇ ಪತ್ರದಲ್ಲಿ "ಮಕ್ಕಳು ಬಾಯಿಪಾಠ ಮಾಡಿಬಿಟ್ಟಿದ್ದಾರೆ. ಇನ್ನು ಯಾರು ನೋಡಿಯೂ ಉಪಯೋಗವಿಲ್ಲ" ಎಂದು ತಿಳಿಸಿರುವುದರಿಂದ, ವಿಷಯವು ಅವರ ಕಡೆಯಿಂದ ಇತ್ಯರ್ಥವಾಗಿದೆ ಎಂದು ಭಾವಿಸಿ ಕಡತ ಮುಚ್ಚಲಾಯಿತು.

4. ಉಳಿದ 213 ಶಾಲೆಗಳಿಂದ ಅರ್ಥ ತಪ್ಪೆಂದು ಯಾವ ಪತ್ರವೂ ಬಂದಿಲ್ಲ. ಆದ್ದರಿಂದ ಸದರಿ ಅರ್ಥಗಳು 213ಕ್ಕೆ 1ರ ಬಹುಮತದಿಂದ ಸರಿಯಾಗಿದ್ದವೆಂದು ಈ ಮೂಲಕ ದಾಖಲಿಸಲಾಗಿದೆ. ತಪ್ಪು ಶಾಖೆಯ ಗಮನಕ್ಕೆ ಬಂದದ್ದು ದಿನಾಂಕ 15-3-1982ರ ಬಾಯಿಪರೀಕ್ಷೆಯಲ್ಲಿ. ಅಷ್ಟರಲ್ಲಿ 6,411 ಮಕ್ಕಳು ಅವನ್ನು ಕಲಿತಿದ್ದರು. ಕಲಿಸುವ ಅಧಿಕಾರ ಈ ಶಾಖೆಗೆ ಇದೆ. ಕಲಿತದ್ದನ್ನು ಮರೆಸುವ ಅಧಿಕಾರ ಇಲ್ಲ.

5. ಮಕ್ಕಳ ಮನಸ್ಸಿನಲ್ಲಿ ಗೊಂದಲ ಉಂಟಾಗಬಾರದೆಂಬ ದೃಷ್ಟಿಯಿಂದ, ದಿನಾಂಕ 31-5-1982ರವರೆಗೆ ಶಾಖೆಯ ಎಲ್ಲಾ ಪತ್ರವ್ಯವಹಾರದಲ್ಲಿ ಸದರಿ ಪದಗಳನ್ನು ಹಾಳೆಯಲ್ಲಿರುವ ಅರ್ಥದಲ್ಲಿಯೇ ಬಳಸತಕ್ಕದ್ದು. ಸಾರ್ವಜನಿಕರ ಹೇಳಿಕೆಗಳಿಗೂ ಅವರ ದೂರುಗಳ ವಿಲೇವಾರಿಗೂ ಇದು ಅನ್ವಯಿಸುವುದಿಲ್ಲ; ಅವರಿಗೆ ಹೇಳಿ ನೋಡಲಾಗಿದೆ.

6. ಈ ನಡುವೆ ಬಂದಿರುವ ದೂರುಗಳನ್ನು ಈ ಕೆಳಗಿನಂತೆ ವಿಲೇವಾರಿ ಮಾಡಲಾಗಿದೆ:

(ಅ) ಮಾನ್ವಿಯ ಬಳೆ ವ್ಯಾಪಾರಿ ಶ್ರೀಮತಿ ರಂಜಾನಬಿ ಇವರ ದೂರು: "ಹುಡುಗ್ರು ದಂಡು ದಂಡು ಬರ್ತಾವ್ರೀ. ಖಾಲಾ, ಒಂದು ಬಳಿ ಕೊಡು, ನಾಳಿ ಕಾಪಿ ಬರೀಬೇಕು ಅಂತಾವ. ಗಂಡು ಹುಡುಗ್ರು! ಅವರಪ್ಪ ಬಂದು ನನಗ ಬೈದು ಹೋದ." ಒಡೆದ ಬಳೆಯ ಚೂರಿನಿಂದ ಪಾಟಿಯ ಮೇಲೆ ಬರೆಯಲು ಬರುತ್ತದೆಂದು ಶಾಖೆಯಲ್ಲಿ ಪ್ರಯೋಗ ಮಾಡಿ ಖಚಿತಪಡಿಸಿಕೊಳ್ಳಲಾಗಿದೆ. ಆದ್ದರಿಂದ ದೂರನ್ನು ತಿರಸ್ಕರಿಸಲಾಗಿದೆ. ಪ್ರಯೋಗದಲ್ಲಿ ಕೆಟ್ಟ ಪಾಟಿಯು ಶಾಖೆಯ ಅಟೆಂಡರ್ ಶ್ರೀ ಖಾಜಾಮಿಯಾ ಇವರ ಮನೆಯದಾಗಿದ್ದು, ಅವರು ಇದನ್ನು ಇನ್ನೂ ಮನೆಯಲ್ಲಿ ಹೇಳಿಲ್ಲ.

(ಆ) ಮಾನ್ವಿ ತಾಲ್ಲೂಕಿನ ಒಂದು ಶಾಲೆಯ ಮಕ್ಕಳು ಹಾಳೆಯನ್ನು ನಂಬಿ "ನಮ್ಮ ಶಾಲೆಗೆ ಕುಡಿಯುವ ನೀರಿಲ್ಲ, ದಯವಿಟ್ಟು ಒಂದು ಬುಟ್ಟಿ ಮಂಜೂರು ಮಾಡಿ" ಎಂದು ಸಂಬಂಧಪಟ್ಟವರಿಗೆ ಬರೆದಿದ್ದರು. ಅರ್ಜಿಯನ್ನು ಶೀಘ್ರವಾಗಿ ಪರಿಗಣಿಸಿ ಆರು ಬುಟ್ಟಿಗಳನ್ನು ಕಳುಹಿಸಲಾಗಿದೆ. ಬಾವಿ ಕೇಳಿದ್ದರೆ ಇಷ್ಟು ಬೇಗ ಬರುತ್ತಿರಲಿಲ್ಲವೆಂದು ಮುಖ್ಯೋಪಾಧ್ಯಾಯರು ಕೃತಜ್ಞತೆ ತಿಳಿಸಿದ್ದಾರೆ. ನೀರು ಇನ್ನೂ ಇಲ್ಲ.

(ಇ) ಬೆಕ್ಕಿನಲ್ಲಿ ಇಟ್ಟ ರೊಟ್ಟಿ ಮರಳಿ ಸಿಗಲಿಲ್ಲವೆಂದು ಕಲ್ಮಲ ಗ್ರಾಮದಿಂದ ಒಂದು ವರದಿ ಬಂದಿದೆ. ರೊಟ್ಟಿಯನ್ನು ಇಡುವ ಬಗ್ಗೆ ಮಾತ್ರ ಹಾಳೆಯಲ್ಲಿ ತಿಳಿಸಲಾಗಿದ್ದು, ಮರಳಿ ತೆಗೆಯುವ ಬಗ್ಗೆ ಯಾವ ಭರವಸೆಯನ್ನೂ ನೀಡಿರುವುದಿಲ್ಲ.

(ಈ) 'ಬೇವು' ಸಿಹಿ ಎಂಬುದಕ್ಕೆ ಮಾತ್ರ ಯಾವ ದೂರೂ ಬಂದಿಲ್ಲ. ದಿನಾಂಕ 26-3-1982ರ ಯುಗಾದಿಯಂದು ಮನೆಮನೆಗಳಲ್ಲಿ ಕುಡಿದ ಬೇವು ಸಿಹಿಯಾಗಿಯೇ ಇದ್ದುದರಿಂದ, ಈ ಅರ್ಥವು ತಪ್ಪಿ ಸರಿಯಾದ ಸ್ಥಳದಲ್ಲಿ ಬಿದ್ದಿದೆ.

(ಉ) ಬಾವಿಯ ಮೂಲಕ ಮನೆಯ ಒಳಗೆ ಹೋಗಲು ಯಾರೂ ಪ್ರಯತ್ನಿಸಿಲ್ಲ. ಮಕ್ಕಳು ಈ ಅರ್ಥವನ್ನು ಪರೀಕ್ಷೆಗೆ ಮಾತ್ರ ಕಲಿತು ಜೀವನದಲ್ಲಿ ಅಳವಡಿಸಿಕೊಂಡಿಲ್ಲವೆಂದು ಇದರಿಂದ ಕಂಡುಬರುತ್ತದೆ. ಸಾಮಾನ್ಯವಾಗಿ ಇದನ್ನು ವಿಷಾದದಿಂದ ಗಮನಿಸಬೇಕಾಗಿತ್ತು. ಈ ಪ್ರಕರಣದಲ್ಲಿ ಸಮಾಧಾನದಿಂದ ಗಮನಿಸಲಾಗಿದೆ.

7. ಪರೀಕ್ಷೆ. 15-3-1982ರ ಬಾಯಿಪರೀಕ್ಷೆಯಲ್ಲಿ ಹಾಳೆಯಲ್ಲಿದ್ದಂತೆ ಹೇಳಿದವರಿಗೆ ಅಂಕ, ಹೇಳದವರಿಗೆ ಸೊನ್ನೆ ಎಂಬ ನಿಯಮವಿತ್ತು. 'ಬಸ್ಸು' ಎಂಬ ಪದಕ್ಕೆ ಹಾಳೆಯಲ್ಲಿ ಏನೂ ಇಲ್ಲದಿರುವುದರಿಂದ, ಆ ಪದ ಕೇಳಿದ ಕೂಡಲೇ ಮಕ್ಕಳು ಕೈಕಟ್ಟಿ ಮೌನವಾಗಿ ನಿಲ್ಲಬೇಕಾಗಿತ್ತು. ನಿಂತರು. ಮೂರು ತಾಲ್ಲೂಕುಗಳ 6,412 ಮಕ್ಕಳ ಪೈಕಿ 6,411 ಮಕ್ಕಳು ಪೂರ್ಣ ಅಂಕ ಪಡೆದರು. ಶಾಖೆ ಆರಂಭವಾದಂದಿನಿಂದ ಇಂತಹ ಫಲಿತಾಂಶ ಬಂದಿರಲಿಲ್ಲ.

8. ಉಳಿದ ಒಬ್ಬಳು ಕುಮಾರಿ ಬೂದೆಮ್ಮ, ವಯಸ್ಸು ಎಂಟು, ಹುಣಸಿಗಿಡದ ದೊಡ್ಡಿ, ದೇವದುರ್ಗ ತಾಲ್ಲೂಕು. ಇವಳ ತಂದೆ ಶ್ರೀ ಕನಕಪ್ಪ ಕುರಿಗಾರರಾಗಿದ್ದು, ಮಳೆಗಾಲ ಮುಗಿದ ಮೇಲೆ ಹಿಂಡಿನೊಂದಿಗೆ ಮೇವಿದ್ದ ಕಡೆ ಹೋಗುತ್ತಾರೆ. ಹಾಳೆ ಬಂದ ಜುಲೈ ತಿಂಗಳಿನಿಂದ ಮಳೆಗಾಲ ಮುಗಿಯುವವರೆಗೆ ಬಾಲಕಿಗೆ ಬಿಟ್ಟುಬಿಟ್ಟು ಜ್ವರ ಬರುತ್ತಿದ್ದು, ಶಾಲೆಗೆ ಬಂದಿರಲಿಲ್ಲ. ಅನಂತರ ಹಿಂಡಿನೊಂದಿಗೆ ಹೋಗಿ ಫೆಬ್ರವರಿಯಲ್ಲಿ ಮರಳಿದಳು; ಅಷ್ಟರಲ್ಲಿ ಹಾಳೆಯ ಪಾಠ ಮುಗಿದಿತ್ತು. ಆದ್ದರಿಂದ ಮೂರು ತಾಲ್ಲೂಕುಗಳಲ್ಲಿ ಹಾಳೆಯನ್ನು ನೋಡದ ಏಕೈಕ ಮಗು ಇವಳೇ ಆಗಿರುತ್ತಾಳೆ. ದೇವದುರ್ಗ ಕೇಂದ್ರದಲ್ಲಿ ಈ ಕೆಳಗೆ ಸಹಿ ಮಾಡಿದವರು ಸ್ವತಃ ಪರೀಕ್ಷೆ ನಡೆಸಿದ್ದು, ಇವಳ ಉತ್ತರಗಳಲ್ಲಿ ಕೆಲವನ್ನು ಮಾದರಿಗಾಗಿ ಇಲ್ಲಿ ಕೊಡಲಾಗಿದೆ:

ಬಸ್ಸು: "ದೇವದುರ್ಗದಾಗ ನಿಂದ್ರತದರೀ. ನಮ್ಮ ದೊಡ್ಡಿಗಿ ಬರಂಗಿಲ್ಲ."
ಬಾಗಿಲು: "ನಮ್ಮ ಮನಿಗಿ ಇಲ್ರೀ. ತಟ್ಟಿ ಅದ. ಗುರುಗೋಳ ಮನಿಗಿ ಅದ, ಅದರೊಳಗಿಂದ ಹಾದು ಹೋಗ್ತಾರ."
ಬಾವಿ: "ನೀರು ಸೇದಾದು. ಬಗ್ಗಿ ನೋಡಿದ್ರ ಅವ್ವ ಬಡೀತಾಳ."
ಬೆಕ್ಕು: "ಇಲಿ ಹಿಡೀತದ. ಹಾಲೂ ಕುಡೀತದ, ಕೇಳಿದ್ರ ಸುಮ್ನ ಕಣ್ಣು ಮುಚ್ತದ."
ಬೇವು: "ಗಿಡ. ನೆಳ್ಳಿಗಿ ಕುಂದ್ರಾದು. ಮೇವಿಲ್ಲಾಂದ್ರ ಕುರಿಗಿ ತಪ್ಪಲ ಕಡದು ಹಾಕ್ತೀವಿ."

ಹತ್ತಕ್ಕೆ ಹತ್ತೂ ಉತ್ತರಗಳು ಹಾಳೆಗೆ ವಿರುದ್ಧವಾಗಿದ್ದವು. ಮೊದಲನೆಯದಕ್ಕಂತೂ ಬಾಲಕಿಯು ಮೌನವಾಗಿ ನಿಲ್ಲುವ ಬದಲು ಮಾತನಾಡಿದಳು. ನಿಯಮದಂತೆ ಹತ್ತು ಸೊನ್ನೆಗಳನ್ನು ನೀಡಲಾಯಿತು.

9. ಫಲಿತಾಂಶದ ಸುಳಿವು ತಿಳಿದು ಅಜ್ಜಿ ಶ್ರೀಮತಿ ಯಮನಮ್ಮ ಇವರು ದೊಡ್ಡಿಯಿಂದ ದೇವದುರ್ಗದವರೆಗೆ ನಡೆದು, ಅಲ್ಲಿ ಬಳಪ ಹತ್ತಿ, ದಿನಾಂಕ 29-3-1982ರಂದು ರಾಯಚೂರಿನಲ್ಲಿ ಬಳಪದಿಂದ ಇಳಿದರು. ಒಂದು ಬೆಕ್ಕಿನ ತುಂಬ ಜೋಳದ ರೊಟ್ಟಿಯೊಂದಿಗೆ ಬಂದು ಕಚೇರಿಯ ಬಾವಿಯಲ್ಲಿಯೇ ಕುಳಿತರು. ಬಾವಿಯಲ್ಲಿ ಕುಳಿತರೆ ಸಿಬ್ಬಂದಿ ಒಳಗೆ ಬರುವುದು ಹೇಗೆಂದು ವಿಚಾರಿಸಲಾಗಿ, "ನಾ ಎದ್ರ ನೀವು ನನ್ನ ಮರೀತೀರಿ" ಎಂದು ಉತ್ತರಿಸಿದರು. ಮಧ್ಯಾಹ್ನ ಬಿಸಿಲು ಏರಿದಾಗ ಮಾತ್ರ ಆವರಣದ ಬೋಗುಣಿಯ ನೆರಳಿಗೆ ಸರಿಯುತ್ತಿದ್ದರು. ಇದು ನಾಲ್ಕು ದಿನ ನಡೆಯಿತು. ಎರಡನೇ ದಿನದಿಂದ ಸದರಿ ಬೆಕ್ಕಿನಲ್ಲಿದ್ದ ರೊಟ್ಟಿಗಳನ್ನು ಸಿಬ್ಬಂದಿಯೂ ತಿಂದಿದ್ದು, ಇದು ಈ ಸುತ್ತೋಲೆಯ ತೀರ್ಮಾನದ ಮೇಲೆ ಯಾವುದೇ ಪ್ರಭಾವ ಬೀರಿರುವುದಿಲ್ಲ. ಚಟ್ನಿ ಚೆನ್ನಾಗಿತ್ತು.

10. ನಾಲ್ಕನೇ ದಿನ ಅಜ್ಜಿಯ ಹೇಳಿಕೆ ಪಡೆಯಲಾಯಿತು. "ಯಪ್ಪಾ, ನನ್ನ ಮಗ ಕನಕಪ್ಪ ಮಾತಿಗಿ ನಿಂತಾನ. ಪಾಸಾದ್ರ ಸಾಲಿ, ಫೇಲಾದ್ರ ಕುರಿ ಅಂದಾನ. ಕೆಟ್ಟಾವ ಅಲ್ಲ ಅವ, ಹಿಂಡು ಬೆಳದಾದ, ಕೈ ಸಾಲವಲ್ದು. ನಾ ಓದಿಲ್ಲ, ನನ್ನ ಸೊಸಿ ಓದಿಲ್ಲ. ಮನ್ಯಾಗ ಇದೊಂದು ಕೂಸು ಬಸ್ಸಿನ ಬೋರ್ಡು ಓದತದ. ಹೋದ ಸಲ ಸಂತಿಗಿ ಹೊಂಟಾಗ ನಾ ಬ್ಯಾರೆ ಬಸ್ಸು ಹತ್ತಿದ್ದೆ, ಸೆರಗು ಹಿಡದು ಇಳಿಸ್ಯಾದ. ಇಂಥಾ ಕೂಸಿಗಿ ಫೇಲು ಅಂತೀರಿ. ಅದು ಏನ್ ತಪ್ಪು ಹೇಳ್ಯಾದ, ನೀವ ಹೇಳ್ರಿ. ಬೆಕ್ಕು ಇಲಿ ಹಿಡೀತದ ಅಂದಾಳ. ನಿಮ್ಮ ಬೆಕ್ಕು ಏನ್ ಮಾಡ್ತದ?"

ಆಗ ಅಟೆಂಡರ್ ಶ್ರೀ ಖಾಜಾಮಿಯಾ ಇವರು ಅನುಮತಿ ಇಲ್ಲದೆ "ಯವ್ವಾ, ನಮ್ಮ ಬೆಕ್ಕಿನಾಗ ರೊಟ್ಟಿ ಇಡ್ತಾರ" ಎಂದರು. ಅಜ್ಜಿಯು "ಹಂಗಾರ ನಿಮ್ಮ ಇಲಿ ಯಾರು ಹಿಡೀತಾರ?" ಎಂದು ಕೇಳಿದರು. ಖಾಜಾಮಿಯಾ "ಬೆಲ್ಲ" ಎಂದರು. ಅಜ್ಜಿಯು ಎಲ್ಲರ ಮುಖ ನೋಡಿ, "ನಾಕು ದಿನ ಆತು, ನೀವು ಯಾರೂ ನಗವಲ್ರಿ. ನಿಜನ ಅಂತೀರೇನು?" ಎಂದರು. ಸಿಬ್ಬಂದಿ ನಕ್ಕ ಬಗ್ಗೆ ಈ ಕೆಳಗೆ ಸಹಿ ಮಾಡಿದವರು ನೋಡಿಲ್ಲ. ಅವರು ಆ ಸಮಯದಲ್ಲಿ ಕಿಟಕಿಯ ಕಡೆ ಮುಖ ಮಾಡಿದ್ದರು.

11. ಹನ್ನೊಂದನೇ ಪ್ರಶ್ನೆ. ಹತ್ತು ಅರ್ಥಗಳು ಒಂದೊಂದು ಸಾಲು ಕೆಳಗಿಳಿದ ಕಾರಣ, ಕೊನೆಯ ಅರ್ಥವಾದ "ಅಗಲ ಬಾಯಿಯ, ಒಳಗೆ ಟೊಳ್ಳಾದ ಪಾತ್ರೆ" ಎಂಬುದಕ್ಕೆ ಪಕ್ಕದಲ್ಲಿ ಪದ ಉಳಿಯಲಿಲ್ಲ. ಅದು ಹಾಳೆಯ ಕೆಳಗೆ ಸಹಿಗಾಗಿ ಬಿಟ್ಟಿದ್ದ ಜಾಗದಲ್ಲಿ, 'ಶಾಖಾಧಿಕಾರಿ' ಎಂಬುದರ ಎದುರಿಗೆ ಹೋಗಿ ನಿಂತಿತು. ಶಿಕ್ಷಕರು ಅದನ್ನು ಹನ್ನೊಂದನೇ ಪದವೆಂದು ತಿಳಿದು ಕಲಿಸಿದರು. ಪರೀಕ್ಷೆಯ ಹಾಳೆಯಲ್ಲಿಯೂ ಅದು ಇದ್ದುದರಿಂದ ಕೇಳಬೇಕಾಯಿತು. ಪರಿಣಾಮವಾಗಿ ದೇವದುರ್ಗ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು, ಶಾಖಾಧಿಕಾರಿ ಎಂದರೆ ಅಗಲ ಬಾಯಿಯ, ಒಳಗೆ ಟೊಳ್ಳಾದ ಪಾತ್ರೆ ಎಂದು ಸ್ಪಷ್ಟ ಧ್ವನಿಯಲ್ಲಿ ಶಾಖಾಧಿಕಾರಿಯವರಿಗೇ ಹೇಳಿ, ಅವರಿಂದಲೇ ಅಂಕ ಪಡೆದು, ನಮಸ್ಕಾರ ಮಾಡಿ ಹೋದರು. ಇಂತಹ 412 ಉತ್ತರಗಳನ್ನು ಸದರಿಯವರು ಒಂದೇ ದಿನ ಕೇಳಿಸಿಕೊಂಡಿರುತ್ತಾರೆ. ಅವರಿಗೆ ರಜೆ ಕೊಡುವ ಅಧಿಕಾರವೂ ಅವರಲ್ಲಿಯೇ ಇದ್ದುದರಿಂದ ಮರುದಿನ ರಜೆ ಮಂಜೂರು ಮಾಡಲಾಯಿತು.

ಕುಮಾರಿ ಬೂದೆಮ್ಮಳ ಸರದಿ 413ನೆಯದು. ಹನ್ನೊಂದನೇ ಪ್ರಶ್ನೆಗೆ ಅವಳು "ಅದನ್ನ ನೋಡಿಲ್ರೀ. ನೋಡಿದ್ರ ಹೇಳ್ತಿದ್ದೆ" ಎಂದಳು. ಪರೀಕ್ಷಾ ನಿಯಮದಲ್ಲಿ ಅವಕಾಶವಿಲ್ಲದಿದ್ದರೂ, ಈ ಕೆಳಗೆ ಸಹಿ ಮಾಡಿದವರು "ನಾನೇ" ಎಂದು ತಿಳಿಸಿದರು. ಬಾಲಕಿಯು ಹತ್ತಿರ ಬಂದು, ಮೇಜಿನ ಈ ಕಡೆಯಿಂದಲೂ ಆ ಕಡೆಯಿಂದಲೂ ನೋಡಿ, "ಮನುಷ್ಯಾರ್ರೀ" ಎಂದಳು. "ಹಸದಂಗ ಕಾಣ್ತದ" ಎಂದೂ ಸೇರಿಸಿದಳು.

ಹಾಳೆಯಲ್ಲಿ ಹಾಗೆ ಇಲ್ಲದ ಕಾರಣ ಅಂದು ಇದಕ್ಕೂ ಸೊನ್ನೆ ನೀಡಲಾಯಿತು. ದಿನಾಂಕ 1-4-1982ರಂದು ಅಜ್ಜಿಯು ಎದ್ದು ಹೋದ ಬಳಿಕ ಸದರಿ ಉತ್ತರವನ್ನು ಮರುಪರಿಶೀಲಿಸಲಾಯಿತು. ಈ ಕೆಳಗೆ ಸಹಿ ಮಾಡಿದವರ ಸೇವಾ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಲಾಗಿ, ಬಾಲಕಿಯ ಉತ್ತರಕ್ಕೆ ವಿರುದ್ಧವಾದ ಪುರಾವೆ ಸಿಕ್ಕಿರುವುದಿಲ್ಲ. ಪರವಾದ ಪುರಾವೆಯೂ ಅದರಲ್ಲಿ ಇರಲಿಲ್ಲ. ಬಾಲಕಿಯ ಹೇಳಿಕೆಯೇ ಮೊದಲನೆಯದು. ಅದನ್ನು ಸೇವಾ ಪುಸ್ತಕದಲ್ಲಿ ಅಂಟಿಸಲಾಗಿದೆ.

12. ತೀರ್ಮಾನ. ಶಾಖೆಯ ಹಾಳೆ ತಪ್ಪೆಂದು ಒಪ್ಪಿದರೆ 6,411 ಮಕ್ಕಳನ್ನು ಅನುತ್ತೀರ್ಣಗೊಳಿಸಬೇಕಾಗುತ್ತದೆ. ಸರಿಯೆಂದು ಹೇಳಿದರೆ ಒಬ್ಬಳು ಕುರಿ ಹಿಂದೆ ಹೋಗಬೇಕಾಗುತ್ತದೆ. ಫಲಿತಾಂಶ ಪ್ರಕಟಿಸುವ ದಿನ ಏಪ್ರಿಲ್ 10, ಅಂದರೆ ಬರುವ ಶನಿವಾರ. ಈ ಎಲ್ಲಾ ಅಂಶಗಳನ್ನು ಪರಿಗಣಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಹಾಳೆಯು ಎರಡನೇ ತರಗತಿಯ ಮಟ್ಟಿಗೆ ಸರಿಯಾಗಿದೆ. ಎಲ್ಲಾ 6,411 ಮಕ್ಕಳು ಉತ್ತೀರ್ಣರು.

(ಆ) ಇದೇ ಹತ್ತು ಪದಗಳಿಗೆ ಒಂದು ಸಾಲು ಮೇಲೆ ಏರಿಸಿದ ಅರ್ಥಗಳನ್ನು 'ಉನ್ನತ ಅರ್ಥಗಳು' ಎಂಬ ಹೆಸರಿನಲ್ಲಿ ಜೂನ್ ತಿಂಗಳಿನಿಂದ ಮೂರನೇ ತರಗತಿಯಲ್ಲಿ ಕಲಿಸತಕ್ಕದ್ದು.

(ಇ) ಕುಮಾರಿ ಬೂದೆಮ್ಮಳು ಮೂರನೇ ತರಗತಿಯ ಉನ್ನತ ಅರ್ಥಗಳನ್ನು ಎರಡನೇ ತರಗತಿಯಲ್ಲಿಯೇ, ಹಾಳೆ ಮುದ್ರಣವಾಗುವ ಮೊದಲೇ, ಹತ್ತಕ್ಕೆ ಹತ್ತು ಹೇಳಿರುತ್ತಾಳೆ. ಮೂರನೇ ತರಗತಿಯ ಪಾಠ ಬಲ್ಲ ಮಗುವನ್ನು ಎರಡನೇ ತರಗತಿಯಲ್ಲಿ ಕೂರಿಸಲು ನಿಯಮದಲ್ಲಿ ಅವಕಾಶವಿಲ್ಲ. ಅವಳು ಪಾಸಾಗಿರುತ್ತಾಳೆ.

(ಈ) ಉನ್ನತ ಅರ್ಥಗಳ ಹಾಳೆಯನ್ನು ಯಂತ್ರಕ್ಕೆ ಹಾಕುವ ಮುನ್ನ ಸದರಿ ಬಾಲಕಿಯಿಂದ ಓದಿಸತಕ್ಕದ್ದು. ಅವಳು ತಲೆ ಅಲ್ಲಾಡಿಸಿದರೆ ಶ್ರೀ ಸೈಫುದ್ದೀನ್ ಯಂತ್ರ ನಿಲ್ಲಿಸತಕ್ಕದ್ದು, ಮಸಿ ಆರಿದರೂ ಚಿಂತೆಯಿಲ್ಲ.

ಈ ಆದೇಶವು ಕೂಡಲೇ ಜಾರಿಗೆ ಬರುತ್ತದೆ. ಕೆಳಗಿನ ಸಹಿಯ ಎದುರಿಗೆ ಯಾವುದೇ ಅರ್ಥ ಅಚ್ಚಾಗಿದ್ದಲ್ಲಿ ಅದನ್ನು ಓದತಕ್ಕದ್ದಲ್ಲ.

ಸಹಿ/-
(ಹನುಮಂತ್ರಾಯ)
ಶಾಖಾಧಿಕಾರಿ

ಪ್ರತಿಗಳು:

1. ಮೂರು ತಾಲ್ಲೂಕುಗಳ 214 ಶಾಲೆಗಳಿಗೆ, ಮಾಹಿತಿಗಾಗಿ. ಈ ಬಾರಿ ಓದುವುದು.

2. ಶ್ರೀ ಜಿಲಾನಿ ಪಾಷಾ, ಶಿಕ್ಷಕರು, ಇವರಿಗೆ. ತಮ್ಮ ಮೂರೂ ಪತ್ರಗಳು ತಲುಪಿವೆ.

3. ಶ್ರೀಮತಿ ರಂಜಾನಬಿ, ಮಾನ್ವಿ, ಇವರಿಗೆ. ಜೂನ್ ತಿಂಗಳಿನಿಂದ ಗಂಡು ಹುಡುಗರು ಬರುವುದಿಲ್ಲ.

4. ಆರು ಬುಟ್ಟಿ ಬಂದ ಶಾಲೆಗೆ. ಮರಳಿಸುವ ಅಗತ್ಯವಿಲ್ಲ. ಅರ್ಜಿಯನ್ನು ಹೊಸ ಅರ್ಥದಲ್ಲಿ ಮತ್ತೊಮ್ಮೆ ಬರೆಯುವುದು ಮತ್ತು ಕಾಯುವುದು.

5. ಶ್ರೀ ಕನಕಪ್ಪ, ಕುರಿಗಾರರು, ಇವರಿಗೆ. ಪಾಸಾದರೆ ಶಾಲೆ ಎಂದು ತಾವು ಆಡಿದ ಮಾತು ಈ ಶಾಖೆಯ ಕಡತದಲ್ಲಿ ದಾಖಲಾಗಿದೆ. ಈ ವರ್ಷ ಹಿಂಡು ಹೊರಡುವಾಗ ಬಾಲಕಿಯನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದು.

6. ಶ್ರೀಮತಿ ಯಮನಮ್ಮ, ಹುಣಸಿಗಿಡದ ದೊಡ್ಡಿ, ಇವರಿಗೆ. ಓದು ಬಾರದ ಪ್ರಯುಕ್ತ ಈ ಸುತ್ತೋಲೆಯನ್ನು ಮೊಮ್ಮಗಳಿಂದ ಓದಿಸಿಕೊಳ್ಳುವುದು. ಓದುವಾಗ ತಿಳಿಯದ ಪದಗಳು ಬಂದಲ್ಲಿ, ಅವಳು ಹೇಳಿದ ಅರ್ಥವೇ ಅಂತಿಮ.